ಎರಡು ಕಚೇರಿಗಳ ನಡುವೆ

"ಒಂದು ಟಿಕೆಟ್ ಜಾಸ್ತಿ ಐತಿ. ಬರ್ತೀಯೇನಲೇ?"

ಕ್ಯಾಸಿಯೋ ಸೂರತ್‌ನಿಂದ ಫೋನ್ ಮಾಡಿದಾಗ ನಾನು ಕ್ಲೈಂಟ್ ಕಾಲನ್ನು ಮ್ಯೂಟ್‌ನಲ್ಲಿಟ್ಟು ಚಹಾ ಕುಡಿಯುತ್ತಿದ್ದೆ. ಯಾವುದರ ಟಿಕೆಟ್ ಎಂದು ಕೇಳುವ ಮೊದಲೇ "ಶನಿವಾರ ರಿಲೀಸ್ ಇದೆ ಕಣೋ" ಅಂದೆ. ಇಪ್ಪತ್ತು ವರ್ಷದಿಂದ ಯಾರು ಎಲ್ಲಿಗೆ ಕರೆದರೂ ನನ್ನ ಬಾಯಿಗೆ ಮೊದಲು ಬರುವ ಮಾತು ಅದೇ.

"ಶನಿವಾರ ಅಲ್ಲಪಾ, ಭಾನುವಾರ. ದಿಲ್ಜಿತ್ ದೋಸಾಂಜ್. ಗಿಫ್ಟ್ ಸಿಟಿಯೊಳಗ. ನನ್ನ ಹೆಂಡ್ತಿ ಊರಿಗೆ ಹೊಂಟಾಳ, ಆಕಿ ಟಿಕೆಟ್ ಉಳದೈತಿ. ನಿನಗ ಆಗಲಿಲ್ಲಂದ್ರ ಮಗಳನ್ನ ಕಳಸು."

ಮಗಳಿಗೆ ಭಾನುವಾರ ಕೋಚಿಂಗ್‌ನಲ್ಲಿ ಟೆಸ್ಟ್ ಇತ್ತು. ಹನ್ನೊಂದನೇ ತರಗತಿ, ಜೆಇಇ. ಹಾಗಾಗಿ ನಾನೇ ಬರುತ್ತೇನೆ ಅಂದೆ. ಆ ವಾರ ವಡೋದರಾದ ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಮಗಳು ಚಪಾತಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ದಿಲ್ಜಿತ್ ಕಾನ್ಸರ್ಟಿಗೆ ನೀವು ಹೋಗ್ತೀರಾ, ಕೆಮಿಸ್ಟ್ರಿ ಟೆಸ್ಟಿಗೆ ನಾನು ಹೋಗ್ಬೇಕಾ ಅಪ್ಪಾ?" ಜಗಳದ ಧ್ವನಿಯೇನೂ ಅಲ್ಲ. ಲೆಕ್ಕ ಎಲ್ಲೋ ತಪ್ಪಿದೆ ಎಂದು ತೋರಿಸುವ ಧ್ವನಿ. ನಾನು ಪಲ್ಯ ಬಡಿಸಿಕೊಂಡೆ.

ಅವಳು ಲ್ಯಾಪ್‌ಟಾಪಿನಲ್ಲಿ 'ಬೀಟ್' ಮಾಡುತ್ತಾಳೆ. ಅಹಮದಾಬಾದಿನ ಧನಜಿ ಎಂಬ ರ‍್ಯಾಪರ್‌ನ ಹಾಡುಗಳನ್ನು ಬಾಯಿಪಾಠ ಹೇಳುತ್ತಾಳೆ. ಎರಡು ತಿಂಗಳ ಹಿಂದೆ ಒಂದು ರಾತ್ರಿ, ಎಂಜಿನಿಯರಿಂಗ್ ಬೇಡ, ಸೌಂಡ್ ಓದುತ್ತೇನೆ ಅಂದಿದ್ದಳು. "ಮೊದಲು ಡಿಗ್ರಿ ಆಗಲಿ, ಆಮೇಲೆ ನೋಡೋಣ" ಅಂದಿದ್ದೆ. ಕೋಚಿಂಗ್‌ನ ಎರಡನೇ ಕಂತು ಕಟ್ಟಲು ಸೋಮವಾರ ಕೊನೆಯ ದಿನವಾಗಿತ್ತು. ಅದರ ಹಿಂದಿನ ದಿನ, ಅಂದರೆ 2024ರ ನವೆಂಬರ್ 17ರಂದು, ಈ ಕಾನ್ಸರ್ಟ್.

ಇಲ್ಲಿ ಕ್ಯಾಸಿಯೋ ಬಗ್ಗೆ ಹೇಳಬೇಕು. ಅದು ಅವನ ಹಾಸ್ಟೆಲ್ ಹೆಸರು. 2003ರಲ್ಲಿ ನಾವಿಬ್ಬರೂ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂಟೆಕ್ ಮಾಡುತ್ತಿದ್ದೆವು. ಕೆಆರ್‌ಇಸಿ ಎಂಬ ಹಳೆ ಹೆಸರು ಹೋಗಿ ಒಂದು ವರ್ಷವಾಗಿತ್ತಷ್ಟೆ, ಬಸ್ ಕಂಡಕ್ಟರುಗಳಿಗೆ ಇನ್ನೂ ಕೆಆರ್‌ಇಸಿಯೇ. ನಾನು ತಿಪಟೂರಿನ ಕಡೆಯವನು, ಅವನು ರಾಣೆಬೆನ್ನೂರಿನವನು. ಅವನ ಹತ್ತಿರ ಒಂದು ಹಳೇ ಕ್ಯಾಸಿಯೋ ಕೀಬೋರ್ಡ್ ಇತ್ತು. ಶನಿವಾರ ಸಂಜೆ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಮಂಗಳೂರಿಗೆ ಹೋಗುತ್ತಿದ್ದ. ಗಣೇಶನ ಪೆಂಡಾಲು, ಮದುವೆ, ಯುವಕ ಮಂಡಲದ ವಾರ್ಷಿಕೋತ್ಸವ, ಎಲ್ಲಿ 'ರಸಮಂಜರಿ' ಎಂದು ಬ್ಯಾನರ್ ಕಟ್ಟಿದ್ದಾರೋ ಅಲ್ಲೆಲ್ಲ ಬಾರಿಸಿ, ಭಾನುವಾರ ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಮೆಸ್ಸಿಗೆ ಬರುತ್ತಿದ್ದ. ಒಂದು ಹಾಡನ್ನು ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಅವನೇ ನುಡಿಸುತ್ತಿದ್ದ.

ಅದೇ ವರ್ಷ ಪಂಜಾಬಿ ಎಂಸಿಯ 'ಮುಂಡಿಯಾಂ ತೋ ಬಚ್ ಕೇ' ಹಾಡಿಗೆ ಅಮೆರಿಕದ ಜೇ-ಝೀ ರ‍್ಯಾಪ್ ಸೇರಿಸಿದ್ದು ಬಂತು. ಹಾಸ್ಟೆಲ್ಲಿನ ಲ್ಯಾನ್‌ನಲ್ಲಿ ಆ ಎಂಪಿತ್ರಿ ಫೈಲು ರೂಮಿನಿಂದ ರೂಮಿಗೆ ಓಡಾಡಿತು. ತುಂಬಿಯ ಆ ಒಂದೇ ತಂತಿಯ ನಾದವನ್ನು ಕ್ಯಾಸಿಯೋ ತನ್ನ ಕೀಬೋರ್ಡಿನಲ್ಲಿ ಹಿಡಿಯಲು ಮೂರು ರಾತ್ರಿ ಕೂತಿದ್ದ. ನಮಗೆ ಒಂದು ಪಂಜಾಬಿ ಪದವೂ ಗೊತ್ತಿರಲಿಲ್ಲ. ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಎಲ್ಲರೂ ಕುಣಿದಿದ್ದೆವು.

ಕ್ಯಾಂಪಸ್ ಇಂಟರ್‌ವ್ಯೂ ಹತ್ತಿರ ಬಂದಾಗ ಅವನಿಗೆ ಬೆಂಗಳೂರಿನ ಒಂದು ಸ್ಟುಡಿಯೋದಿಂದ ಕರೆ ಬಂತು. ಸಿನಿಮಾ ಸಂಗೀತಕ್ಕೆ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುವ ಸಹಾಯಕನ ಕೆಲಸ. ಸಂಬಳ ಅಂತ ಏನೂ ಇಲ್ಲ, ಊಟ, ವಸತಿ, ಮೇಲೆ ಒಂದಿಷ್ಟು. ಅವನು ನನ್ನನ್ನು ಕೇಳಿದ. ಸುರತ್ಕಲ್ ಲೈಟ್‌ಹೌಸಿನ ಕೆಳಗಿನ ಬಂಡೆಯ ಮೇಲೆ ಕೂತು, ಒಂದು ಅಸೈನ್‌ಮೆಂಟ್ ಹಾಳೆಯ ಹಿಂಬದಿಯಲ್ಲಿ ನಾನು ಎರಡು ಕಾಲಂ ಹಾಕಿದೆ. ಒಂದು ಕಡೆ ಉದ್ಯೋಗ, ಇನ್ನೊಂದು ಕಡೆ ಸ್ಟುಡಿಯೋ. ಅಪ್ಪನ ಸಾಲ, ತಂಗಿಯ ಮದುವೆ, ಐದು ವರ್ಷಕ್ಕೆ ಆದಾಯ ಎಷ್ಟು, ಹತ್ತು ವರ್ಷಕ್ಕೆ ಎಷ್ಟು. ನನ್ನ ಜೀವನದ ಮೊದಲ ರಿಸ್ಕ್ ರಿಜಿಸ್ಟರ್ ಅದು. ಅವನು ಹಾಳೆಯನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ. ಇಂಟರ್‌ವ್ಯೂಗೆ ಕೂತ. ಸುರತ್ಕಲ್‌ನಿಂದ ಸೂರತ್‌ಗೆ ಬಂದ, ಹಜೀರಾದ ಒಂದು ಕಾರ್ಖಾನೆಗೆ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್ ಆಗಿ. ನಾನು ಬೆಂಗಳೂರು, ಪುಣೆ ಸುತ್ತಿ ಹೆಂಡತಿಯ ಕೆಲಸದ ಕಾರಣಕ್ಕೆ ವಡೋದರಾಕ್ಕೆ ಬಂದೆ. ನನ್ನ ಆಫೀಸು ಅಹಮದಾಬಾದಿನಲ್ಲಿ. ವಾರದ ಐದು ದಿನ ಚಾಂದಖೇಡಾದ ಬಾಡಿಗೆ ರೂಮು, ಎರಡು ದಿನ ಮನೆ.

ನಮ್ಮ ಭಾಷೆಯಲ್ಲಿ ಕಚೇರಿ ಅಂದರೆ ಆಫೀಸೂ ಹೌದು, ಸಂಗೀತವೂ ಹೌದು. ನಾನು ಮೊದಲನೆಯದನ್ನು ಆರಿಸಿಕೊಂಡೆ. ಅವನಿಗೂ ಅದನ್ನೇ ಆರಿಸಿಕೊಟ್ಟೆ.

ಭಾನುವಾರ ಬೆಳಗ್ಗೆ ಅವನು ಸೂರತ್‌ನಲ್ಲಿ ಹತ್ತಿದ ರೈಲಿಗೆ ನಾನು ವಡೋದರಾದಲ್ಲಿ ಸೇರಿಕೊಂಡೆ. ಕಿಟಕಿ ಪಕ್ಕ ಕೂತು ಲೋಚೋ ಕಟ್ಟಿಸಿಕೊಂಡು ಬಂದಿದ್ದನ್ನು ಬಿಚ್ಚುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ರೈಲು ಊರು ದಾಟುವಾಗ "ಅಬ್ದುಲ್ ಕರೀಂ ಖಾನ್ ಸಾಹೇಬರು ಇದ್ದ ಊರಲೇ ಇದು" ಅಂದ. ಬರೋಡಾ ಆಸ್ಥಾನದಲ್ಲಿದ್ದ ಖಾನ್ ಸಾಹೇಬರು ಈ ಊರು ಬಿಟ್ಟು ಮಿರಜಿಗೆ ಹೋಗದಿದ್ದರೆ ಕುಂದಗೋಳದ ಸವಾಯಿ ಗಂಧರ್ವರಿಗೆ ಗುರು ಎಲ್ಲಿ ಸಿಗುತ್ತಿದ್ದರು, ಅವರಿಲ್ಲದೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಎಲ್ಲಿ? ನನಗೂ ಒಂದು ಗೊತ್ತಿತ್ತು. ವಡೋದರಾದಲ್ಲಿ 1886ರಲ್ಲಿ ಶುರುವಾದ ಸಂಗೀತ ಶಾಲೆಯ ಮೌಲಾ ಬಕ್ಷರು ಅದಕ್ಕೂ ಮೊದಲು ಮೈಸೂರಿಗೆ ಹೋಗಿ ಅಲ್ಲಿನ ಅರಸರಿಂದ ಸನ್ಮಾನ ಪಡೆದವರು. ಊರು ಬಿಟ್ಟವರಿಂದಲೇ ಸಂಗೀತ ಬೆಳೆದಿದೆ ಅಂದೆ. ಅವನು ನಕ್ಕು, "ಊರು ಬಿಟ್ಟೋರೆಲ್ಲಾ ಹಾಡಲಿಲ್ಲಲೇ" ಅಂದ.

ಆ ಮಾತು ನನಗೆ ಚುಚ್ಚಿತು. ಅವನು ಹಾಗೆ ಚುಚ್ಚಲು ಹೇಳಿದ್ದಲ್ಲ ಎಂದೂ ಗೊತ್ತಿತ್ತು.

ಮೋಟೆರಾದಿಂದ ಗಾಂಧಿನಗರದ ಕಡೆಗೆ ಮೆಟ್ರೋ ಶುರುವಾಗಿ ಎರಡು ತಿಂಗಳಾಗಿತ್ತು. ಅದರಲ್ಲಿ ಗಿಫ್ಟ್ ಸಿಟಿಗೆ ಹೋದೆವು. ಬೋಗಿಯ ತುಂಬ ಕಾಲೇಜು ಹುಡುಗರು, ಪಗಡಿ ಕಟ್ಟಿಕೊಂಡ ನಾಲ್ಕೈದು ಸರ್ದಾರ್ಜಿಗಳು, ಕೆನ್ನೆಗೆ ಮಿನುಗುಪುಡಿ ಹಚ್ಚಿಕೊಂಡ ಹುಡುಗಿಯರು. ನಲವತ್ತೈದು ದಾಟಿದವರು ನಾವಿಬ್ಬರೇ ಇರಬೇಕು. ಒಬ್ಬ ಹುಡುಗ ಎದ್ದು "ಬೇಸೋ ಕಾಕಾ" ಅಂತ ನನಗೆ ಸೀಟು ಬಿಟ್ಟುಕೊಟ್ಟ. ಕ್ಯಾಸಿಯೋಗೆ ಬಿಡಲಿಲ್ಲ. ಅಹಮದಾಬಾದ್ ಬರುವವರೆಗೂ ಅದನ್ನೇ ಹೇಳಿ ನಗಬಹುದಿತ್ತು, ನಾವು ಆಗಲೇ ಅಹಮದಾಬಾದ್ ದಾಟಿದ್ದೆವು.

ಗೇಟಿನ ಸಾಲಿನಲ್ಲಿ ಎರಡು ಗಂಟೆ ನಿಂತೆವು. ನಾನು ಅಭ್ಯಾಸಬಲದಿಂದ ಲೆಕ್ಕ ಹಾಕುತ್ತಿದ್ದೆ: ಗೇಟು ಎಷ್ಟು, ನಿಮಿಷಕ್ಕೆ ಎಷ್ಟು ಜನ ಒಳಗೆ ಹೋಗುತ್ತಿದ್ದಾರೆ, ಸ್ಕ್ಯಾನರ್ ಕೈಕೊಟ್ಟರೆ ಬದಲಿ ವ್ಯವಸ್ಥೆ ಏನು. ಕ್ಯಾಸಿಯೋ ಅಲ್ಲಿಂದಲೇ ವೇದಿಕೆಯ ಕಡೆ ಕತ್ತು ಚಾಚಿ ನೋಡುತ್ತಿದ್ದ. ಒಳಗೆ ಹೋದಮೇಲೆ ಎಲ್ಲರೂ ವೇದಿಕೆಯ ಹತ್ತಿರಕ್ಕೆ ಓಡಿದರೆ ಅವನು ನನ್ನನ್ನು ಹಿಂದಕ್ಕೆ ಎಳೆದುಕೊಂಡು ಹೋದ. ಮೈದಾನದ ನಡುವೆ ಸೌಂಡ್ ಮಿಕ್ಸಿಂಗ್ ಮಾಡುವವರ ಟೆಂಟ್ ಇರುತ್ತದೆ. ಅದರ ಪಕ್ಕದಲ್ಲಿ ನಿಂತರೆ ಅವರಿಗೆ ಕೇಳುವುದೇ ನಮಗೂ ಕೇಳುತ್ತದಂತೆ.

"ಅಲ್ಲಿ ಕಂಬ ನೋಡು" ಅಂದ. ನಮ್ಮ ಹಿಂದೆ, ಮೈದಾನದ ಮಧ್ಯದಲ್ಲಿ, ಸ್ಪೀಕರುಗಳನ್ನು ಬಾಳೆಗೊನೆಯ ಹಾಗೆ ತೂಗುಹಾಕಿದ ಎತ್ತರದ ಕಂಬಗಳಿದ್ದವು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿರುವವನಿಗೆ ಅದು ತಲುಪಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಆದರೆ ತಂತಿಯಲ್ಲಿ ಹೋಗುವ ಸಿಗ್ನಲ್ ಕಂಬಕ್ಕೆ ಆ ಕ್ಷಣವೇ ಮುಟ್ಟುತ್ತದೆ. ಹಾಗೇ ಬಿಟ್ಟರೆ ಕಂಬದ ದನಿ ಮೊದಲು, ವೇದಿಕೆಯ ದನಿ ಆಮೇಲೆ, ಪ್ರತಿ ಪದವೂ ಎರಡೆರಡು ಸಲ ಕೇಳಿ ಕಲಸುಮೇಲೋಗರ. ಅದಕ್ಕೇ ಕಂಬಕ್ಕೆ ಹೋಗುವ ದನಿಯನ್ನು ಬೇಕೆಂದೇ ಅಷ್ಟು ತಡಮಾಡುತ್ತಾರೆ. ವೇದಿಕೆಯಿಂದ ಬಂದ ಅಲೆ ಕಂಬದ ಹತ್ತಿರ ಬಂದ ಮೇಲೆಯೇ ಕಂಬವೂ ಹಾಡುತ್ತದೆ. "ಸರಿಯಾಗಿ ತಡ ಮಾಡೋದೂ ಒಂದು ವಿದ್ಯೆನ ಐತಿ" ಅಂದ. ಪ್ರಾಜೆಕ್ಟಿನಲ್ಲಿ ತಡ ಎಂಬ ಪದವನ್ನು ನಾನು ಯಾವತ್ತೂ ಒಳ್ಳೆಯ ಅರ್ಥದಲ್ಲಿ ಕೇಳಿರಲಿಲ್ಲ.

ಕತ್ತಲಾಗಿ, ದೀಪ ಆರಿ, ಮೊದಲ ಡ್ರಮ್ ಬಿದ್ದಾಗ ಅದು ಕಿವಿಗೆ ಬರಲಿಲ್ಲ, ಎದೆಗೂಡಿಗೆ ಬಂತು. ಅಂಗಿಯ ಗುಂಡಿ ಅದುರಿತು. ದಿಲ್ಜಿತ್ ಬಂದ. ಜಲಂಧರ್ ಜಿಲ್ಲೆಯ ದೋಸಾಂಜ್ ಕಲಾಂ ಎಂಬ ಹಳ್ಳಿಯಲ್ಲಿ ಹುಟ್ಟಿ, ಲುಧಿಯಾನದ ಗುರುದ್ವಾರಗಳಲ್ಲಿ ಕೀರ್ತನೆ ಹಾಡುತ್ತಿದ್ದ ಹುಡುಗ 2023ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ವೇದಿಕೆಯಲ್ಲಿ ಪಂಜಾಬಿಯಲ್ಲೇ ಹಾಡಿದ. ಎರಡು ದಿನದ ಹಿಂದಷ್ಟೇ ಹೈದರಾಬಾದಿನಲ್ಲಿ ಹಾಡುವ ಮುಂಚೆ, ಮದ್ಯವನ್ನು ಹೊಗಳುವ ಹಾಡು ಹಾಡಬಾರದೆಂದು ತೆಲಂಗಾಣದಿಂದ ಅವನಿಗೆ ನೋಟಿಸ್ ಹೋಗಿತ್ತು. ಇಲ್ಲಿ ಅವನೇ ಮೊದಲು ಆ ಮಾತೆತ್ತಿದ. ಇವತ್ತು ನೋಟಿಸ್ ಬಂದಿಲ್ಲ, ಆದರೂ ಗುಜರಾತಿನಲ್ಲಿ ಪಾನನಿಷೇಧ ಇರುವುದರಿಂದ ಅಂಥ ಹಾಡು ಹಾಡುವುದಿಲ್ಲ, ಎಲ್ಲ ರಾಜ್ಯಗಳೂ ನಿಷೇಧ ತರಲಿ, ಬದುಕಿಡೀ ಹಾಡುವುದಿಲ್ಲ ಎಂದು ಸವಾಲು ಹಾಕಿದ. ಜನ ಕೂಗಿದರು. 1960ರಲ್ಲಿ ರಾಜ್ಯವಾದಾಗಿನಿಂದ ಮದ್ಯವಿಲ್ಲದ ಗುಜರಾತಿನಲ್ಲಿ, 2023ರ ಡಿಸೆಂಬರಿನಲ್ಲಿ ಸಡಿಲಿಕೆ ಸಿಕ್ಕಿದ್ದು ಇದೇ ಗಿಫ್ಟ್ ಸಿಟಿಯ ಹೋಟೆಲುಗಳಿಗೆ. ಅದನ್ನು ನೆನೆದು ನನಗೆ ನಗು ಬಂತು. ಚಂದನ್ ಶೆಟ್ಟಿಯ ಪೆಗ್ಗಿನ ಹಾಡನ್ನು ನಮ್ಮ ಟೀಮಿನ ಕನ್ನಡದ ಹುಡುಗರು ಅಹಮದಾಬಾದಿನಲ್ಲಿ ಚಾಸ್ ಕುಡಿಯುತ್ತಾ ಹಾಡುವುದೂ ನೆನಪಾಯಿತು.

ನಡುವೆ ಒಮ್ಮೆ ಹಾಡು ನಿಂತಿತು. ಪಕ್ಕದ ಹೋಟೆಲಿನ ಬಾಲ್ಕನಿಗಳಲ್ಲಿ ಜನ ನಿಂತು ಬಿಟ್ಟಿಯಾಗಿ ನೋಡುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಟಿಕೆಟ್ ಇಲ್ಲದೆಯೇ ಎಂದು ಕಾಲೆಳೆದು ಮತ್ತೆ ಹಾಡಿದ. ನಮ್ಮೂರಿನ ಟೂರಿಂಗ್ ಟಾಕೀಸಿನ ಪಕ್ಕದ ಹುಣಸೆಮರದ ಮೇಲೆ ಕೂತು ಸಿನಿಮಾ ನೋಡುತ್ತಿದ್ದವರಲ್ಲಿ ನಾನೂ ಒಬ್ಬ. ಈ ಸಲ ದುಡ್ಡು ಕೊಟ್ಟ ಕಡೆ ಇದ್ದೆ. ದುಡ್ಡು ಕೊಟ್ಟವನು ಕ್ಯಾಸಿಯೋ, ಆ ಮಾತು ಬೇರೆ.

ಸುತ್ತ ಇದ್ದವರಲ್ಲಿ ಹೆಚ್ಚಿನವರು ಗುಜರಾತಿಗಳು. ಪಂಜಾಬಿ ಹಾಡನ್ನು ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಕೆಲವರ ಕಾಲು ಭಾಂಗ್ಡಾಕ್ಕೆ ಎದ್ದು ಗರ್ಬಾಕ್ಕೆ ಇಳಿಯುತ್ತಿತ್ತು. ಅದೇನೂ ಆಶ್ಚರ್ಯವಲ್ಲ. ನವರಾತ್ರಿಯಲ್ಲಿ ವಡೋದರಾದ ಯುನೈಟೆಡ್ ವೇ ಮೈದಾನದಲ್ಲಿ ಅತುಲ್ ಪುರೋಹಿತ್ ಹಾಡಲು ನಿಂತರೆ ಸಾವಿರಾರು ಜನ ಸುತ್ತು ಸುತ್ತಾಗಿ ಒಂದೇ ಹೆಜ್ಜೆ ಹಾಕುತ್ತಾರೆ. ದೊಡ್ಡ ಗುಂಪಿನಲ್ಲಿ ತಾಳ ತಪ್ಪದೆ ಕುಣಿಯುವುದನ್ನು ಈ ಮಕ್ಕಳಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನನಗೆ ಹಾಡಿನ ಎಂಬತ್ತು ಭಾಗ ಅರ್ಥವಾಗಲಿಲ್ಲ. ಎರಡು ಹಾಡಿನ ಹೊತ್ತಿಗೆ ಅದರ ಚಿಂತೆಯೂ ಹೋಯಿತು.

ಒಂದು ಹಾಡಿನ ನಡುವೆ ತಿರುಗಿ ನೋಡಿದರೆ ಕ್ಯಾಸಿಯೋ ವೇದಿಕೆಯನ್ನೇ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದ. ಬಲಗೈಯ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಸುಮ್ಮನೆ ತಾಳ ಹಾಕುತ್ತಿರಲಿಲ್ಲ. ಕೀಬೋರ್ಡಿನವನ ಸ್ವರಗಳನ್ನೇ ಒತ್ತುತ್ತಿದ್ದ. ಕಿರುಬೆರಳು ಕೂಡ ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಇಪ್ಪತ್ತೊಂದು ವರ್ಷದ ಹಿಂದೆ ನಾನು ಹಾಕಿದ ಎರಡು ಕಾಲಂ ನನ್ನ ಕಣ್ಣ ಮುಂದೆ ಬಂದವು. ಆಮೇಲೆ ಹಾಡುಗಳು ಎಷ್ಟು ಬಂದವೋ ನನಗೆ ಸರಿಯಾಗಿ ನೆನಪಿಲ್ಲ.

ಮುಗಿದ ಮೇಲೆ ಕ್ಯಾಬ್ ಸಿಗಲಿಲ್ಲ. ಸಾವಿರಾರು ಜನರ ಜೊತೆ ಧೂಳಿನ ರಸ್ತೆಯಲ್ಲಿ ನಡೆದೆವು. ಸಾಬರಮತಿಯ ಕಡೆಯಿಂದ ಚಳಿಗಾಳಿ ಬರುತ್ತಿತ್ತು. ಒಂದು ಕಿಟ್ಲಿ ತೆರೆದಿತ್ತು. ಎರಡು ಅಡ್ಧೀ ಹೇಳಿ ಕಲ್ಲಿನ ಮೇಲೆ ಕೂತೆವು. ಅಲ್ಲಿ ನಾನು ಕೇಳಿಯೇಬಿಟ್ಟೆ.

"ನಾನು ಅವತ್ತು ತಪ್ಪು ಹೇಳಿದ್ನೇನೋ?"

ಅವನಿಗೆ ಯಾವತ್ತು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಚಹಾ ಊದಿಕೊಂಡು ಸ್ವಲ್ಪ ಹೊತ್ತು ಕೂತ.

"ತಪ್ಪೇನಲ್ಲ. ಅಪ್ಪನ ಸಾಲ ತೀರ್ತು. ತಂಗಿ ಮದಿವಿ ಆತು. ನಿನ್ನ ಹಾಳ್ಯಾಗ ಬರದದ್ದೆಲ್ಲಾ ಖರೇನ ಆತು. ಅಲ್ಲಿ ಹೋಗಿದ್ರ ನಾ ಏನಾಗ್ತಿದ್ನೋ ಯಾರಿಗ್ ಗೊತ್ತು, ಎಷ್ಟ್ ಮಂದಿ ಹೋಗಿ ಹಾಳಾಗ್ಯಾರ." ಮತ್ತೆ ಒಂದು ಗುಟುಕು ಕುಡಿದ. "ಆದ್ರ ಒಂದ್ ಮಾತು. ಅವತ್ತಿಂದ ಇವತ್ತಿನ ತನಕ, ಇನ್ನೂ ಬಾರಸ್ತೀಯೇನಲೇ ಅಂತ ನೀ ಒಮ್ಮೆನೂ ಕೇಳಲಿಲ್ಲ. ಆ ಹಾಳಿ ಬರದ ಕೂಡ್ಲೆ ನಿನಗ ಆ ವಿಷಯ ಮುಗದಹೋತು. ಟಿಕೆಟ್ ಕ್ಲೋಸ್."

"ಬಾರಿಸ್ತೀಯಾ?"

"ದಿನಾ. ರಾತ್ರಿ ಹತ್ತರಿಂದ ಹನ್ನೊಂದು, ಹೆಡ್‌ಫೋನ್ ಹಾಕ್ಕೊಂಡು. ವರ್ಷಾ ಕನ್ನಡ ಸಂಘದ ರಾಜ್ಯೋತ್ಸವಕ್ಕ ನಂದ ಕೀಬೋರ್ಡು. ಮುಂದಿನ ಭಾನುವಾರ ಐತಿ. ಹತ್ತ್ ವರ್ಷ ಆತು, ವಾಟ್ಸಾಪಿನ್ಯಾಗ ನಿನಗೂ ಆಮಂತ್ರಣ ಕಳಸ್ತೇನಿ."

ನಿಜ, ಕಳಿಸುತ್ತಿದ್ದ. ನಾನು ಪ್ರತಿವರ್ಷ ಕೈ ಮುಗಿಯುವ ಇಮೋಜಿ ಕಳಿಸುತ್ತಿದ್ದೆ.

ಅವನು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ದುಡ್ಡು ಕೊಟ್ಟು, ಹೊಟ್ಟೆ ಹಸಿದಿದೆ ಅಂದ. ಚಾಂದಖೇಡಾ ಮುಟ್ಟುವಾಗ ರಾತ್ರಿ ಒಂದು ದಾಟಿತ್ತು. ರೂಮಿನಲ್ಲಿ ಅವಲಕ್ಕಿ ಕಲಸಿ ತಿಂದು ಮಲಗಿದೆವು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವನು ಸೂರತ್ ರೈಲಿಗೆ ಹೊರಟು ನಿಂತಿದ್ದ.

ಸೋಮವಾರ ಬೆಳಗ್ಗೆ ಫೀಸು ಕಟ್ಟಿದೆ. ಇದನ್ನು ಮುಚ್ಚಿಡುವುದಿಲ್ಲ. ಒಂದು ರಾತ್ರಿಯ ಹಾಡಿನಿಂದ ಬದಲಾಗಿ ಕೋಚಿಂಗ್ ಬಿಡಿಸಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಾನು ಅಂಥವನಲ್ಲ. ಹೆಂಡತಿಯೂ ನಾನೂ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ, ಈ ಕಂತು ಕಟ್ಟುವುದು, ಹನ್ನೊಂದನೇ ಪರೀಕ್ಷೆ ಮುಗಿದ ಮೇಲೆ ಮೂವರೂ ಕೂತು ಮತ್ತೆ ಯೋಚಿಸುವುದು ಎಂದು ತೀರ್ಮಾನಿಸಿದೆವು. ಆಮೇಲೆ ಮಗಳಿಗೆ ಮೆಸೇಜ್ ಮಾಡಿದೆ: "ನೀನು ಮಾಡಿದ್ದು ಯಾವುದಾದರೂ ಕಳಿಸು, ಕೇಳ್ತೀನಿ." ಎರಡು ಗಂಟೆ ಉತ್ತರವಿಲ್ಲ. ಮಧ್ಯಾಹ್ನ ಒಂದು ಫೈಲು ಬಂತು, ಜೊತೆಗೆ "ಅಪ್ಪಾ ಫುಲ್ ಕೇಳಿ, ಸ್ಕಿಪ್ ಮಾಡ್ಬೇಡಿ" ಎಂಬ ತಾಕೀತು.

ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಒಂದು ನಿಮಿಷ ನಲವತ್ತು ಸೆಕೆಂಡು. ಕುಕ್ಕರಿನ ಸೀಟಿ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು, ಅವುಗಳನ್ನೇ ತುಂಡು ಮಾಡಿ ತಾಳ ಕಟ್ಟಿದ್ದಳು. ಮೇಲೆ ಅವಳದೇ ಗುಜರಾತಿ ಮಾತು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜಮೈಕಾದಿಂದ ವಲಸೆ ಬಂದಿದ್ದ ಕೂಲ್ ಹರ್ಕ್ ಎಂಬ ಹದಿನೆಂಟರ ಹುಡುಗ ಎರಡು ಗ್ರಾಮಫೋನ್ ತಟ್ಟೆ ಇಟ್ಟುಕೊಂಡು, ಡ್ರಮ್ ಇರುವ ತುಣುಕನ್ನೇ ಮತ್ತೆ ಮತ್ತೆ ತಿರುಗಿಸಿ ಹಿಪ್ ಹಾಪ್ ಶುರುವಾಯಿತು ಎಂದು ಓದಿದ್ದೆ. ಮನೆಯಲ್ಲಿ ಇರುವುದನ್ನೇ ತೆಗೆದುಕೊಂಡು ಹೊಸದೊಂದು ಕಟ್ಟುವುದು. ನನ್ನ ಮನೆಯ ಕುಕ್ಕರು ಹಾಗೆ ಕೂಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳ ಮಾತೂ ಅರ್ಧ ಅರ್ಥವಾಗಲಿಲ್ಲ. ಮತ್ತೆ ಮೊದಲಿನಿಂದ ಹಾಕಿ ಕೇಳಿದೆ.

ಮುಂದಿನ ಭಾನುವಾರವೂ ಟೆಸ್ಟ್ ಇತ್ತು, ಫಿಸಿಕ್ಸ್. ಅದನ್ನು ತಪ್ಪಿಸಿ ಮಗಳನ್ನು ಸೂರತ್‌ಗೆ ಕರೆದುಕೊಂಡು ಹೋದೆ. ಬಾಡಿಗೆಯ ಹಾಲ್, ನೂರೈವತ್ತು ಪ್ಲಾಸ್ಟಿಕ್ ಕುರ್ಚಿ, ಭುವನೇಶ್ವರಿಯ ಫೋಟೋ, ಹಳದಿ ಕೆಂಪು ಬಟ್ಟೆ, ಹಿಂದೆ ಬಿಸಿಬೇಳೆಬಾತಿನ ವಾಸನೆ. ಮೈಕು ಎರಡು ಸಲ ಕಿರುಚಿತು. ಮೂಲೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕ್ಯಾಸಿಯೋ ಕೂತಿದ್ದ. ಹಾಡುವವರು ಶ್ರುತಿ ತಪ್ಪಿದರೆ ಅವನೇ ಮೆಲ್ಲಗೆ ಅವರಿದ್ದ ಕಡೆಗೆ ಸರಿಯುತ್ತಿದ್ದ. ಮಗಳು ಮೊದಲ ಸಾಲಿನಲ್ಲಿ ಕೂತವಳು ಮೂರನೇ ಹಾಡಿಗೆ ಎದ್ದು ಹೋಗಿ ಅವನ ಹಿಂದೆ ನಿಂತು ಬೆರಳು ನೋಡತೊಡಗಿದಳು. ಕಾರ್ಯಕ್ರಮ ಮುಗಿದ ಮೇಲೂ ಇಬ್ಬರೂ ಅರ್ಧ ಗಂಟೆ ವೈರು ಸುತ್ತುತ್ತಾ ಏನೇನೋ ಮಾತಾಡುತ್ತಿದ್ದರು. ಅವನು ಧಾರವಾಡದ ಕನ್ನಡ, ಅವಳು ಅರ್ಧ ಗುಜರಾತಿ ಬೆರೆಸಿದ ಕನ್ನಡ. ನಡುವೆ ನಾನು ಬೇಕಾಗಲಿಲ್ಲ.

ವಾಪಸ್ ಬರುವ ರೈಲು ಅಂಕಲೇಶ್ವರ ದಾಟಿ ನರ್ಮದೆಯ ಸೇತುವೆ ಹತ್ತಿತು. ಕತ್ತಲಲ್ಲಿ ನದಿ ಕಾಣುತ್ತಿರಲಿಲ್ಲ, ಸೇತುವೆಯ ಸದ್ದು ಮಾತ್ರ. ಮಗಳು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಭರೂಚ್ ಬರುವಾಗ ಕೇಳಿದಳು, "ಅಪ್ಪಾ, ಅಂಕಲ್ ಇಷ್ಟು ಚೆನ್ನಾಗಿ ನುಡಿಸ್ತಾರೆ. ಯಾಕೆ ಇದನ್ನೇ ಕೆಲಸ ಮಾಡ್ಕೊಳ್ಳಲಿಲ್ಲ?"

ಲ್ಯಾಪ್‌ಟಾಪ್ ಬ್ಯಾಗಿನಿಂದ ಒಂದು ಹಾಳೆ ತೆಗೆದೆ. ನಡುವೆ ಒಂದು ಗೆರೆ ಎಳೆದು, ಸುರತ್ಕಲ್ಲಿನ ಬಂಡೆಯಿಂದ ಶುರುಮಾಡಿ ಹೇಳತೊಡಗಿದೆ.